ಕುಡಚಿಯ ಹಮಾಲ, ದೇವನಹಳ್ಳಿಯ ತಳ್ಳುಗಾಡಿ

ತೇರದಾಳದ ಮನೆಯೊಂದರಲ್ಲಿ ಮಗ ಓದಲೆಂದು ಪರದೇಶಕ್ಕೆ ಹೊರಟನೆಂದರೆ ಮೊದಲು ಗಡಿಬಿಡಿ ಏಳುವುದು ಅಡುಗೆಮನೆಯಲ್ಲಿ. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ, ಮಾವಿನ ಉಪ್ಪಿನಕಾಯಿ, ಕರದಂಟು ಒಂದೊಂದಾಗಿ ಡಬ್ಬಿ ಸೇರುತ್ತವೆ. ‘ಇನ್ನೊಂದು ಡಬ್ಬಿ ಹಿಡಸ್ತೈತಿ, ತಗೋ ತಮ್ಮಾ’ ಎಂದು ತಾಯಿ. ‘ಸಾಕ್ ಬಿಡಬೇ ಯವ್ವಾ’ ಎಂದು ಮಗ. ಕೊನೆಗೆ ಗೆಲ್ಲುವವಳು ತಾಯಿಯೇ. ತಂದೆ ಪೆಟ್ಟಿಗೆಯ ಮೇಲೆ ಕುಳಿತರೆ ಮಾತ್ರ ಜಿಪ್ ಮುಚ್ಚುತ್ತದೆ. ಅದರ ಲೆಕ್ಕ ಕೇಳುವವರು ಇರುವುದು ಐನೂರು ಕಿಲೊಮೀಟರಿಗೂ ಆಚೆ, ದೇವನಹಳ್ಳಿಯಲ್ಲಿ.

ಕುಡಚಿಯಲ್ಲಿ ರಾಣಿ ಚನ್ನಮ್ಮ ಎಕ್ಸ್‌ಪ್ರೆಸ್ ಹತ್ತುವಾಗ ಈ ಚಿಂತೆ ಇಲ್ಲ. ನಾಲ್ಕು ಮಂದಿ ಕೈಜೋಡಿಸಿದರೆ ಸಾಮಾನು ಡಬ್ಬಿಯೊಳಗೆ. ದೊಡ್ಡ ನಿಲ್ದಾಣವಾದರೆ ಕೆಂಪಂಗಿಯ, ತೋಳಿಗೆ ಹಿತ್ತಾಳೆ ಬಿಲ್ಲೆ ಕಟ್ಟಿದ ಹಮಾಲ ಸಿಗುತ್ತಾನೆ. 2016ರ ರೈಲ್ವೆ ಬಜೆಟ್ಟಿನಲ್ಲಿ ಅವನಿಗೆ ‘ಸಹಾಯಕ’ ಎಂಬ ಹೊಸ ಹೆಸರು ಬಂದರೂ ಜನರ ಬಾಯಲ್ಲಿ ಅವನು ಹಮಾಲನೇ. ವಿಮಾನ ನಿಲ್ದಾಣದ ರೀತಿಯೇ ಬೇರೆ. ಅಲ್ಲಿ ಟಿಕೆಟ್ ಇಲ್ಲದವರು ಬಾಗಿಲಲ್ಲೇ ನಿಲ್ಲಬೇಕು. ಊರಿಂದ ಬಂದ ತಂದೆ, ತಾಯಿ, ಕಾಕಾ, ಮಾಮಾ ಎಲ್ಲರೂ ಗಾಜಿನಾಚೆ. ಒಳಗೆ ಹೋಗುವವನು, ಆವರೆಗೆ ಒಂಟಿಯಾಗಿ ಮುಂಬಯಿಯನ್ನೂ ನೋಡದ ಹುಡುಗ. ಬೆಂಗಳೂರಿನಲ್ಲಿ 2023ರ ಸೆಪ್ಟೆಂಬರಿನಿಂದ ಪರದೇಶದ ವಿಮಾನಗಳು ಎರಡನೆಯ ಟರ್ಮಿನಲ್‌ಗೆ ಹೋಗಿವೆ. ಟ್ಯಾಕ್ಸಿಯವನಿಗೆ ಅದನ್ನು ಮೊದಲೇ ಹೇಳಿದರೆ ಅರ್ಧ ತಾಪತ್ರಯ ತಪ್ಪುತ್ತದೆ.

ತಳ್ಳುಗಾಡಿಗೆ ಇಲ್ಲಿ ಹಣವಿಲ್ಲ. ಟ್ಯಾಕ್ಸಿ ಇಳಿಯುವಲ್ಲೇ ಯಾರಾದರೂ ಕೇಳದೆಯೇ ಗಾಡಿಗೆ ಕೈ ಹಚ್ಚಿದರೆ, ಗುರುತಿನ ಚೀಟಿ ಇದೆಯೇ, ರಸೀದಿ ಕೊಡುತ್ತಾರೆಯೇ ಎಂದು ಮೊದಲು ಕೇಳಬೇಕು. ನಿಲ್ದಾಣದ ಪೋರ್ಟರ್‌ಗೆ ಗೊತ್ತಾದ ದರವಿರುತ್ತದೆ. ವಯಸ್ಸಾದವರಿಗೆ, ಮೂರು ನಾಲ್ಕು ಪೆಟ್ಟಿಗೆ ಇರುವವರಿಗೆ ಆ ಹಣ ದಂಡವಲ್ಲ. ಎರಡು ಪೆಟ್ಟಿಗೆಯ ಹುಡುಗನಿಗೆ ಅದರ ಅಗತ್ಯವಿಲ್ಲ. ಅಮೆರಿಕದ ಅನೇಕ ನಿಲ್ದಾಣಗಳಲ್ಲಿ ಗಾಡಿಗೇ ಬಾಡಿಗೆ ತೆರಬೇಕಾಗುವುದರಿಂದ ತಾನೇ ಎಳೆದುಕೊಂಡು ಹೋಗಬಲ್ಲಷ್ಟೇ ಸಾಮಾನು ಒಯ್ಯುವುದು ಜಾಣತನ.

ಇನ್ನು ತೂಕ. ಟಿಕೆಟ್ಟಿನ ಮೇಲೆ ಎರಡು ಪೆಟ್ಟಿಗೆ, ತಲಾ 23 ಕಿಲೊ ಎಂದಿದ್ದರೆ ಒಂದರಲ್ಲಿ 26, ಇನ್ನೊಂದರಲ್ಲಿ 20 ಎಂಬ ಹೊಂದಾಣಿಕೆ ನಡೆಯುವುದಿಲ್ಲ. ಹೆಚ್ಚಿನ ಹಣ ಕೊಟ್ಟರೂ ಒಂದು ಪೆಟ್ಟಿಗೆ ಸಾಮಾನ್ಯವಾಗಿ 32 ಕಿಲೊ ಮೀರುವಂತಿಲ್ಲ, ಏಕೆಂದರೆ ಪಟ್ಟಿಯ ಮೇಲೆ ಜಾರಿ ಕಣ್ಮರೆಯಾದ ಪೆಟ್ಟಿಗೆಯನ್ನೂ ಒಳಗೆ ಎತ್ತಿ ಹಾಕುವುದು ಒಬ್ಬ ಮನುಷ್ಯನ ಬೆನ್ನೇ. ಬೆಳಗಾವಿಯ ಸಾಂಬ್ರಾದಿಂದಲೋ ಹುಬ್ಬಳ್ಳಿಯಿಂದಲೋ ಹೊರಡುವವರಿಗೆ ಇನ್ನೊಂದು ಬಲೆ ಕಾದಿರುತ್ತದೆ. ಒಳದೇಶದ ಟಿಕೆಟ್ ಬೇರೆ ತೆಗೆಸಿದ್ದರೆ ಅದರ ಮೇಲೆ ಸಾಮಾನ್ಯವಾಗಿ 15 ಕಿಲೊ ಮಾತ್ರ ಉಚಿತ. 46 ಕಿಲೊ ಕಟ್ಟಿಕೊಂಡು ಬಂದವನು ಮೊದಲ ಮೆಟ್ಟಿಲಲ್ಲೇ 31 ಕಿಲೊಗೆ ಹಣ ಎಣಿಸಬೇಕಾಗುತ್ತದೆ. ಎರಡೂ ಪಯಣ ಒಂದೇ ಟಿಕೆಟ್ಟಿನಲ್ಲಿದ್ದರೆ ಈ ಗೋಳು ಬಹುತೇಕ ಇಲ್ಲ. ತೂಕವನ್ನು ಊರಲ್ಲೇ, ಪರಿಚಯದ ಕಿರಾಣಿ ಅಂಗಡಿಯ ಕಾಟಾದ ಮೇಲೆ ನೋಡಿಕೊಂಡರೆ ಖರ್ಚಿಲ್ಲ.

ತಾಯಂದಿರಿಗೆ ನಂಬಲಾಗದ ಸಂಗತಿಯೆಂದರೆ ಒಣಕೊಬ್ಬರಿಯ ನಿಷೇಧ. ಎಣ್ಣೆಯಂಶ ಹೆಚ್ಚಿರುವ ಕೊಬ್ಬರಿ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ವಸ್ತುಗಳ ಸಾಲಿನಲ್ಲಿದೆ. ಸ್ಕ್ಯಾನಿಂಗ್‌ನಲ್ಲಿ ಕಂಡರೆ ಪೆಟ್ಟಿಗೆ ಬಿಚ್ಚಿಸುತ್ತಾರೆ. ಪವರ್ ಬ್ಯಾಂಕ್, ಬಿಡಿ ಬ್ಯಾಟರಿ ಪೆಟ್ಟಿಗೆಯಲ್ಲಿ ಇರಕೂಡದು, ಕೈಚೀಲದಲ್ಲೇ ಇರಬೇಕು. ಉಪ್ಪಿನಕಾಯಿಯದು ತಿರುಗುಮುರುಗು: ಬಿಗಿಯಾಗಿ ಸುತ್ತಿ ಪೆಟ್ಟಿಗೆಗೇ ಹಾಕಬೇಕು. ಪಾಸ್‌ಪೋರ್ಟ್, ಕಾಲೇಜಿನ ಪತ್ರ, ಮೂಲ ಅಂಕಪಟ್ಟಿ, ಔಷಧ, ಒಂದು ಜೊತೆ ಬಟ್ಟೆ ಎಂದೂ ಕೈಬಿಟ್ಟು ಹೋಗಬಾರದು. ‘ನಮ್ಮ ಹುಡುಗನಿಗೆ ಇದೊಂದು ಗಂಟು ಮುಟ್ಟಿಸಿಬಿಡು’ ಎಂದು ಸಾಲಿನಲ್ಲಿ ಯಾರಾದರೂ ಅಂಗಲಾಚಿದರೆ ಮುಲಾಜಿಲ್ಲದೆ ಇಲ್ಲ ಎನ್ನಬೇಕು. ಗಂಟಿನಲ್ಲಿ ಏನಿದ್ದರೂ ಕಾನೂನಿನ ಮುಂದೆ ನಿಲ್ಲುವವನು ಹೊತ್ತವನೇ.

ಕೌಂಟರಿನಲ್ಲಿ ಪೆಟ್ಟಿಗೆಗೆ ಕಟ್ಟುವ ಚೀಟಿಯ ಮೇಲೆ ಮೂರಕ್ಷರದ ಗುರುತಿರುತ್ತದೆ. ಬೆಂಗಳೂರು ಬಿಎಲ್‌ಆರ್, ಬೆಳಗಾವಿ ಐಎಕ್ಸ್‌ಜಿ. ಇಳಿಯುವ ಊರಿನ ಗುರುತು ಅದೇ ತಾನೇ ಎಂದು ನೋಡಿ, ತುಂಡು ಚೀಟಿಯನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಅಮೆರಿಕಕ್ಕೆ ಹೋಗುವವರು ಕೊನೆಯ ಊರಿನ ಚೀಟಿ ಇದ್ದರೂ ಸಾಮಾನ್ಯವಾಗಿ ಆ ದೇಶದ ಮೊದಲ ನಿಲ್ದಾಣದಲ್ಲಿ ಪೆಟ್ಟಿಗೆ ಇಳಿಸಿಕೊಂಡು, ಸುಂಕದ ತಪಾಸಣೆ ಮುಗಿಸಿ ಮತ್ತೆ ಒಪ್ಪಿಸಬೇಕು. ಪೆಟ್ಟಿಗೆ ಬಾರದಿದ್ದರೆ ನಿಲ್ದಾಣ ಬಿಡುವ ಮೊದಲೇ ವಿಮಾನ ಕಂಪನಿಯಲ್ಲಿ ದೂರು ಬರೆಸಿ ನಕಲು ಪಡೆಯಬೇಕು. ಭಾರತವೂ 2009ರಲ್ಲಿ ಸೇರಿದ ಮಾಂಟ್ರಿಯಲ್ ಒಪ್ಪಂದದ ಪ್ರಕಾರ, ಅಂತರರಾಷ್ಟ್ರೀಯ ಪಯಣದಲ್ಲಿ ಸಾಮಾನು ಜಖಂಗೊಂಡರೆ ಕೈಸೇರಿದ 7 ದಿನದೊಳಗೆ, ತಡವಾಗಿ ಬಂದರೆ 21 ದಿನದೊಳಗೆ ಲಿಖಿತ ದೂರು ಸಲ್ಲಬೇಕು.

ಕೌಂಟರು ಸಾಮಾನ್ಯವಾಗಿ ವಿಮಾನ ಹೊರಡುವ ಒಂದು ತಾಸು ಮೊದಲೇ ಮುಚ್ಚುತ್ತದೆ. ಪರದೇಶದ ಪಯಣಕ್ಕೆ ಮೂರು ತಾಸು ಮೊದಲು ಮುಟ್ಟುವುದು ಲೇಸು. ಪೆಟ್ಟಿಗೆ ಒಪ್ಪಿಸಿದೆನೆಂದು ಹುಡುಗ ಫೋನ್ ಮಾಡುವವರೆಗೆ ತಂದೆತಾಯಿ ಬಾಗಿಲ ಬಳಿಯಿಂದ ಕದಲಬಾರದು. ತೂಕ ಹೆಚ್ಚಾಗಿ ಒಂದೆರಡು ಡಬ್ಬಿ ಹಿಂದಕ್ಕೆ ಬರಬಹುದು. ಅದಕ್ಕೊಂದು ಖಾಲಿ ಕೈಚೀಲ ಇರಲಿ.