ಹಳೇ ಸೈಲೆನ್ಸರ್ ಎಲ್ಲಿಟ್ಟಿದ್ದೀಯಪ್ಪಾ?

ತಮ್ಮಾ, ಧನುರ್ವಾಯು ಬಂದವರನ್ನು ನೋಡಿದ್ದೀಯಾ? ನಾನು ನೋಡಿದ್ದೇನೆ. ಗುದ್ದಲಿ ತಾಗಿ ಕಾಲಿಗಾದ ಗಾಯಕ್ಕೆ ಅರಿಶಿನ ಮೆತ್ತಿಕೊಂಡು ಸುಮ್ಮನಿದ್ದ ನಮ್ಮ ಸೋದರಮಾವನನ್ನು ಆಸ್ಪತ್ರೆಯ ಕತ್ತಲೆ ಕೋಣೆಯಲ್ಲಿ ಮಲಗಿಸಿದ್ದರು. ಬೆಳಕು ಕೂಡದು, ಸದ್ದಂತೂ ಕೂಡದೇ ಕೂಡದು. ಒಂದು ಚಮಚ ಬಿದ್ದರೂ ಮೈ ಸೆಟೆದುಕೊಳ್ಳುತ್ತದೆ ಎಂದು ಡಾಕ್ಟರು ಎಚ್ಚರಿಸಿದ್ದರು. ನರ್ಸಮ್ಮ ಬಾಗಿಲ ಚಿಲಕಕ್ಕೆ ಬಟ್ಟೆ ಸುತ್ತಿದ್ದರು. ನಾವು ಚಪ್ಪಲಿ ಹೊರಗೆ ಬಿಟ್ಟು, ಕಣ್ಣಲ್ಲೇ ಮಾತಾಡುತ್ತಿದ್ದೆವು.

ಮೂರನೇ ರಾತ್ರಿ, ಒಂದೂವರೆ ಗಂಟೆ ಇರಬೇಕು, ಕೆಳಗಿನ ರಸ್ತೆಯಲ್ಲಿ ಒಂದು ಕಾರು ಪಟಾಕಿ ಸರದ ಹಾಗೆ ಸಿಡಿದುಕೊಂಡು ಹೋಯಿತು. ಮಾವನ ದವಡೆ ಕಚ್ಚಿಕೊಂಡಿತು, ಕತ್ತು ಹಿಂದಕ್ಕೆ ಬಾಗಿತು, ಬೆನ್ನು ಹಾಸಿಗೆ ಬಿಟ್ಟು ಮೇಲೆದ್ದು ಬಿಲ್ಲಾಯಿತು. ಆ ಕಾಯಿಲೆಗೆ ಧನುಸ್ಸಿನ ಹೆಸರು ಯಾಕೆ ಬಂತೆಂದು ಅವತ್ತು ಗೊತ್ತಾಯಿತು. ಅತ್ತೆ ಬಾಯಿಗೆ ಸೆರಗು ತುರುಕಿಕೊಂಡು ನಿಂತಿದ್ದರು, ಅಳುವ ಸದ್ದೂ ಆಗಬಾರದೆಂದು.

ಕಾರಿನಲ್ಲಿದ್ದ ಹುಡುಗನಿಗೆ ಇದು ಗೊತ್ತಿರಲಿಲ್ಲ. ಗೊತ್ತಿದ್ದರೆ ಅವನು ಆ ರಸ್ತೆಗೇ ಬರುತ್ತಿರಲಿಲ್ಲ ಎಂದು ನಾನು ಇವತ್ತಿಗೂ ನಂಬಿದ್ದೇನೆ. ಆ ನಂಬಿಕೆಯ ಮೇಲೆಯೇ ನಿನ್ನೊಡನೆ ಮಾತಾಡುತ್ತಿದ್ದೇನೆ.

40 ಸಾವಿರ ಕೊಟ್ಟು ನಿನ್ನ ಕಾರಿಗೆ ಫ್ರೀ ಫ್ಲೋ ಸೈಲೆನ್ಸರ್ ಹಾಕಿಸಿದೆಯಲ್ಲ, ಏನು ಸಿಕ್ಕಿತು? ಟರ್ಬೊ ಇಲ್ಲದ ಸಣ್ಣ ಪೆಟ್ರೋಲ್ ಕಾರಿಗೆ ಹಿಂದಿನ ಡಬ್ಬಿಯೊಂದನ್ನೇ ಬದಲಿಸಿದರೆ ಏರುವ ಶಕ್ತಿ ನಿನ್ನ ಕಾಲಿಗೆ ತಿಳಿಯುವಷ್ಟೂ ಇರುವುದಿಲ್ಲ. ಸದ್ದು ಜೋರಾದದ್ದಕ್ಕೆ ವೇಗವೂ ಹೆಚ್ಚಿತೆಂದು ಕಿವಿ ನಂಬುತ್ತದೆ, ಅಷ್ಟೇ. ಟರ್ಬೊ ಕಾರಿಗೆ ಪೂರಾ ಪೈಪು ಬದಲಿಸಿ ಎಂಜಿನ್ನಿನ ಕಂಪ್ಯೂಟರನ್ನು (ಇಸಿಯು) ರೀಮ್ಯಾಪ್ ಮಾಡಿಸಿದರೆ ಶಕ್ತಿ ಏರುವುದು ನಿಜ, ಇಲ್ಲವೆನ್ನಲಾರೆ. ಆದರೆ ಆ ಆಸೆಗೆ ಎಷ್ಟೋ ಜನ ಕ್ಯಾಟಲಿಟಿಕ್ ಕನ್ವರ್ಟರನ್ನೇ ಕತ್ತರಿಸಿ ತೆಗೆಸುತ್ತಾರೆ. ಜೇನುಗೂಡಿನಂಥ ಅದರ ಕಣ್ಣುಗಳಿಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪವಿರುತ್ತದೆ; ಕಾರ್ಬನ್ ಮೊನಾಕ್ಸೈಡಿನಂಥ ವಿಷ ಬಹುಪಾಲು ಅಲ್ಲೇ ವಿಷವಲ್ಲದ ಅನಿಲವಾಗಿ ಬದಲಾಗುತ್ತದೆ. ಅದಿಲ್ಲದಿದ್ದರೆ ಆ ವಿಷವೆಲ್ಲ ಸಿಗ್ನಲ್ಲಿನಲ್ಲಿ ನಿನ್ನ ಹಿಂದೆ, ಸ್ಕೂಟರಿನ ಮುಂದೆ ನಿಂತಿರುವ ಮಗುವಿನ ಮುಖಕ್ಕೆ.

ಇನ್ನು ನೀನು ಅಷ್ಟು ಮೆಚ್ಚುವ ಆ ಪಟಪಟ. ಆಕ್ಸಿಲರೇಟರ್ ಬಿಟ್ಟಾಗಲೂ ಪೆಟ್ರೋಲ್ ಸುರಿದು, ಕಿಡಿಯನ್ನು ತಡಮಾಡಿ, ಪೈಪಿನಲ್ಲಿ ಉರಿಸಿದರೆ ಆ ಸದ್ದು ಬರುತ್ತದೆ. ಅದರಿಂದ ಕಾರು ಒಂದು ಗೇಣೂ ಮುಂದೆ ಹೋಗುವುದಿಲ್ಲ. ದುಡ್ಡು ಕೊಟ್ಟು ಕೊಂಡ ಪೆಟ್ರೋಲನ್ನು ಊರವರ ನಿದ್ದೆ ಕೆಡಿಸಲೆಂದೇ ಸುಡುತ್ತಿದ್ದೀಯೆ.

ಕಾನೂನು ಇದೆ. 2000ರ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಆಸ್ಪತ್ರೆಯ ಸುತ್ತಲಿನಂಥ ನಿಶ್ಶಬ್ದ ವಲಯದಲ್ಲಿ ರಾತ್ರಿ 10ರಿಂದ ಬೆಳಗಿನ 6ರವರೆಗೆ 40 ಡೆಸಿಬಲ್ ದಾಟಕೂಡದು. 10 ಡೆಸಿಬಲ್ ಏರಿದರೆ ಸದ್ದಿನ ಶಕ್ತಿ 10 ಪಟ್ಟು. 40ರ ಮುಂದೆ 90 ಎಂದರೆ ಲಕ್ಷ ಪಟ್ಟು. ಮೋಟಾರು ವಾಹನ ಕಾಯ್ದೆಯ 190(2)ನೇ ಕಲಮಿನಲ್ಲಿ ಮೊದಲ ತಪ್ಪಿಗೆ 10,000 ರೂಪಾಯಿವರೆಗೆ ದಂಡ, ಇಲ್ಲವೇ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಎಂದಿದೆ. ಪೊಲೀಸರು ಕಿತ್ತ ಸೈಲೆನ್ಸರ್‌ಗಳನ್ನು ಸಾಲಾಗಿಟ್ಟು ರೋಡ್ ರೋಲರ್ ಹಾಯಿಸುವುದನ್ನೂ ನೋಡಿರುತ್ತೀಯೆ. ಆದರೆ ದಂಡಕ್ಕೆ ಹೆದರಿ ತೆಗೆದುಹಾಕು ಎಂದು ನಾನು ಹೇಳುತ್ತಿಲ್ಲ. ಚೆಕ್‌ಪೋಸ್ಟು ತಪ್ಪಿಸುವ ಗಲ್ಲಿಗಳು ನಿನಗೆ ಗೊತ್ತು. ಆ ಗಲ್ಲಿಗಳಲ್ಲೂ ಮನೆಗಳಿವೆ, ಬಾಣಂತಿಯರಿದ್ದಾರೆ, ಆಗಷ್ಟೇ ನಿದ್ದೆ ಹತ್ತಿದ ಮುದುಕರಿದ್ದಾರೆ.

ಗ್ಯಾರೇಜಿನ ಅಣ್ಣಂದಿರೇ, ನಿಮಗೂ ಒಂದು ಮಾತು. ಬೆಸುಗೆ ಹಾಕುವ ಕೈ ನಿಮ್ಮದು. ಇಂಥ ಕೆಲಸ ನಮ್ಮಲ್ಲಿ ಮಾಡಲ್ಲ ಅಂತ ಒಬ್ಬ ಹುಡುಗನಿಗೆ ಹೇಳಿ ನೋಡಿ. ಆ ದಿನದ ಸಂಪಾದನೆ ಹೋದೀತು, ಒಪ್ಪುತ್ತೇನೆ. ಆದರೂ ಹೇಳಿ.

ಮಾವ ತಿಂಗಳ ಮೇಲೆ ಮನೆಗೆ ಬಂದರು. ಈಗಲೂ ಬೀದಿಯಲ್ಲಿ ಟಯರ್ ಸಿಡಿದರೆ ಅತ್ತೆ ಮೊದಲು ನೋಡುವುದು ಅವರ ಮುಖವನ್ನೇ.

ತಮ್ಮಾ, ಕಂಪನಿಯ ಹಳೇ ಸೈಲೆನ್ಸರನ್ನು ನೀನು ಎಸೆದಿರಲಾರೆ. ಕಾರು ಮಾರುವಾಗ ಬೇಕಾಗುತ್ತದೆಂದು ಗೋಣಿಚೀಲ ಸುತ್ತಿ ಅಟ್ಟಕ್ಕೆ ಹಾಕಿರುತ್ತೀಯೆ. ಇಳಿಸು. ನಾಲ್ಕು ಬೋಲ್ಟು, ಎರಡು ರಬ್ಬರು, ಹೆಚ್ಚೆಂದರೆ ಒಂದು ಗಂಟೆಯ ಕೆಲಸ. ಈ ಭಾನುವಾರವೇ ಹಾಕಿಸು. ಆಮೇಲೆ ಬೇಕಾದರೆ ರಾತ್ರಿ ಒಂದೂವರೆಗೆ ಆ ಆಸ್ಪತ್ರೆಯ ರಸ್ತೆಯಲ್ಲೇ ಹೋಗು. ನೀನು ಹೋದದ್ದು ಮೇಲಿನ ಕೋಣೆಯವರಿಗೆ ಗೊತ್ತೇ ಆಗದ ಹಾಗೆ ಹೋಗು.