ಚಿಗರಿಯೋ, ಚಿಂಕಾರವೋ?

ಹುಕ್ಕೇರಿ ತಾಲೂಕಿನ ಕಣಗಲಾದಿಂದ ಹೆದ್ದಾರಿ ಹಿಡಿದು ನಿಪ್ಪಾಣಿ ದಾಟಿದರೆ ಕೊಲ್ಹಾಪುರ. ಅಲ್ಲಿನ ಸಂಸ್ಥಾನಿಕರು ಆಫ್ರಿಕದ ಚೀತಾಗಳನ್ನು ತರಿಸಿ ಚಿಗರಿ ಹಿಂಡಿನ ಮೇಲೆ ಬಿಡುತ್ತಿದ್ದರು. ಚಿಗರಿ ಎಂದರೆ ಕೃಷ್ಣಮೃಗ. (ಹುಬ್ಬಳ್ಳಿ-ಧಾರವಾಡದ ಬಸ್ಸಿಗೂ ಈಗ ಅದೇ ಹೆಸರು!) ಬೇಟೆಗಾರನಿಗೆ ತಿರುಚುಗೊಂಬಿನ ಕಪ್ಪು ಗಂಡು ಕಂಡರೆ ಸಾಕಿತ್ತು.

1972ರ ಕಾಯ್ದೆ ಬೇಟೆ ನಿಲ್ಲಿಸಿತು. ಈಗ ಗುರುತು ಬೇಕಿರುವುದು ಗಣತಿಗೆ. ಗೋಕಾಕ, ಮೂಡಲಗಿಗಳ ಆಚೆ, ಮುಧೋಳ-ಬೀಳಗಿ ಕಡೆಯ ಯಡಹಳ್ಳಿ 2016ರಲ್ಲಿ ಚಿಂಕಾರ ವನ್ಯಧಾಮವಾಯಿತು. ಚಿಂಕಾರ ಕಂದುಬಣ್ಣದ, ಚಿಗರಿಗಿಂತ ಸಣ್ಣ ಪ್ರಾಣಿ.

ತೊಡಕು ಇರುವುದು ಇಲ್ಲೇ. ಎಳೆಯ ಗಂಡು ಚಿಗರಿಯ ಮೈಯೂ ಕಂದು, ಮೊದಲ ಕೊಂಬು ತಿರುವಿಲ್ಲದ ಮೊಳೆ; ದೂರದಿಂದ ಥೇಟ್ ಚಿಂಕಾರ! ಕರಿಯ, ಕಂದು ಎರಡೂ ಒಟ್ಟಿಗೆ ಮೇಯುತ್ತಿದ್ದರೆ ಎರಡು ಜಾತಿ ಬೆರೆತಿವೆ ಎನಿಸುತ್ತದೆ. ಹಾಗೆಂದು ಬರೆದುಕೊಂಡರೆ ಅಲ್ಲಿಲ್ಲದ ಚಿಂಕಾರಗಳು ಲೆಕ್ಕಕ್ಕೆ ಸೇರಿಬಿಡುತ್ತವೆ.

ಹೆಣ್ಣುಗಳನ್ನು ನೋಡಿ. ಚಿಗರಿಯ ಹೆಣ್ಣಿಗೆ ಸಾಮಾನ್ಯವಾಗಿ ಕೊಂಬಿಲ್ಲ. ಚಿಂಕಾರದ ಹೆಣ್ಣಿಗೆ ಸಣ್ಣ, ತೆಳುವಾದ ಕೊಂಬುಂಟು. ಚಿಗರಿ ಹತ್ತಾರು ಕೂಡಿದರೆ ಚಿಂಕಾರ ಮೂರೋ ನಾಲ್ಕೋ. ಅದೂ ತಿಳಿಯದಿದ್ದರೆ ಬಾಲ: ಚಿಂಕಾರದ್ದು ಕಪ್ಪು, ನಿಂತಲ್ಲೂ ಪಟಪಟ ಅಲ್ಲಾಡುತ್ತಿರುತ್ತದೆ.