ಹೋಗೆನ್ನುವವರು ಹಲವರು, ಬಾ ಎನ್ನುವವರು ಯಾರು?

ಶಿರಾ ತಾಲ್ಲೂಕಿನ ಹುಡುಗನೊಬ್ಬ ಮೊನ್ನೆ ನಮ್ಮನ್ನು ಹುಡುಕಿಕೊಂಡು ಬಂದಿದ್ದ. ನಾವು ಶಾಲೆಯಲ್ಲಿದ್ದ ಕಾಲದಲ್ಲಿ ನಮ್ಮೆದುರು ನಿಂತು ಮಗ್ಗಿ ಒಪ್ಪಿಸಿದವನು. ಓಟದಲ್ಲಿ ಚುರುಕೆಂದು ಕ್ರೀಡಾ ವಸತಿ ನಿಲಯಕ್ಕೆ ಆಯ್ಕೆಯಾದ. ಅಲ್ಲಿ ಅವನ ಕೈಗೆ ಹಾಕಿ ಕೋಲು ಬಂತು. ಈಗ ಬೆಂಗಳೂರಿನಲ್ಲಿ ಬಿ.ಕಾಂ. ಎರಡನೆಯ ವರ್ಷ ಮುಗಿಸಿದ್ದಾನೆ. ಕೈಯಲ್ಲಿ ಹನ್ನೊಂದು ಪುಟದ ಇಂಗ್ಲಿಷ್ ಕರಾರು ಪತ್ರ. ಏಜೆಂಟ್ ಒಬ್ಬ ಕೊಟ್ಟದ್ದು. ಸಹಿ ಹಾಕಿದರೆ ಲೀಗಿನ ಹರಾಜಿಗೆ ಹೆಸರು ಸೇರಿಸಿ, ವರ್ಷವಿಡೀ ಅಭ್ಯಾಸದ ಶಿಬಿರಗಳಿಗೆ ಕಳುಹಿಸಿ, ವೃತ್ತಿ ಆಟಗಾರನನ್ನಾಗಿ ಮಾಡುತ್ತಾನಂತೆ. ಹಾಕದಿದ್ದರೆ ಕಾಲೇಜಿಗೆ ಮರಳಿ ಮೂರನೆಯ ವರ್ಷದ ಶುಲ್ಕ ಕಟ್ಟಬೇಕು. "ಏನ್ ಮಾಡ್ಲಿ ಮೇಷ್ಟ್ರೆ? ಅವ್ವ ಓದು ಅಂತಾಳೆ, ಅಪ್ಪ ಸುಮ್ಮನಿದಾನೆ" ಎಂದ.

ನಾವು ಎಸ್.ಎಸ್.ಎಲ್.ಸಿ.ಗೇ ನಿಂತವರು. ಕಾಲೇಜಿನ ಮೆಟ್ಟಿಲು ಹತ್ತದವರು ಕಾಲೇಜು ಹುಡುಗರ ವಿಷಯ ಬರೆಯುತ್ತಾರಲ್ಲ ಎಂದು ನಗುವವರು ನಗಲಿ. ಹುಡುಗ ಕೇಳಿದ ಪ್ರಶ್ನೆಗೆ ಕಾಲೇಜು ಹತ್ತಿ ಇಳಿದ ಮಹಾಶಯರು ಕೊಡುತ್ತಿರುವ ಉತ್ತರಗಳನ್ನು ಕೇಳಿದ ಮೇಲೆ ನಾವು ಬಾಯಿ ಬಿಡದೆ ಇರಲಾಗದು.

ಈ ಮಹಾಶಯರಲ್ಲಿ ಎರಡು ಪಂಗಡ. ಮೊದಲನೆಯವರು ಉಪದೇಶಿಗಳು. "ಆಟ ಹೊಟ್ಟೆ ತುಂಬಿಸುವುದಿಲ್ಲ, ಡಿಗ್ರಿ ಮುಗಿಸು" ಎನ್ನುವವರು. ಡಿಗ್ರಿ ಯಾರ ಹೊಟ್ಟೆ ತುಂಬಿಸಿದೆ ಎಂದು ಇವರನ್ನು ಕೇಳಬೇಕು. ನಮ್ಮ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಡಿಗ್ರಿ ಮುಗಿಸಿ ವಸಂತನರಸಾಪುರದ ಕಾರ್ಖಾನೆಗಳ ಬಾಗಿಲಲ್ಲಿ ಗುತ್ತಿಗೆ ಕೂಲಿಗೆ ನಿಂತವರನ್ನು ಇವರು ಕಂಡಿಲ್ಲವೆ? ಎರಡನೆಯವರು ಹಾರ ತುರಾಯಿಯವರು. ಹುಡುಗನ ಹೆಸರು ಪತ್ರಿಕೆಯಲ್ಲಿ ಬಂದ ದಿನ ಶಾಲು ಹೊದಿಸಿ, ಫೋಟೋ ತೆಗೆಸಿಕೊಂಡು, "ಹೋಗು, ಊರಿನ ಹೆಸರು ಬೆಳಗು" ಎನ್ನುವವರು. ಹೋದವನು ಮಂಡಿ ಮುರಿದುಕೊಂಡು ಬಂದ ದಿನ ಇವರ ಮನೆಯ ಬಾಗಿಲು ಮುಚ್ಚಿರುತ್ತದೆ. ಇಬ್ಬರ ಮಾತೂ ಬೇರೆ ಬೇರೆಯಾಗಿ ಕಂಡರೂ ಗುಟ್ಟು ಒಂದೇ: ನಷ್ಟವೆಲ್ಲ ಹುಡುಗನದು. ಆಯ್ಕೆ ನಿನ್ನದು, ಅನುಭವಿಸು!

ಆಡಿ ಕೂಲಿ ಪಡೆಯುವುದು ಪಾಪವೆಂದು ನಾವು ಒಪ್ಪುವುದಿಲ್ಲ. ಜನ ಟಿಕೆಟ್ಟು ಕೊಂಡು ನೋಡುವ ಆಟ, ಟೆಲಿವಿಷನ್ನಿನವರು ಜಾಹೀರಾತು ಮಾರುವ ಆಟ ದುಡಿಮೆಯೇ ಸರಿ. ದುಡಿದವನಿಗೆ ಕೂಲಿ ಸಿಗಲೇಬೇಕು. ಹಣಕ್ಕಾಗಿ ಆಡಬಾರದೆಂಬ ಕಟ್ಟಳೆ ಮಾಡಿದವರು ಹೊಟ್ಟೆಗೆ ಬೇಕಾದಷ್ಟಿದ್ದ ಯೂರೋಪಿನ ದೊಡ್ಡ ಮನೆತನದವರು. ನಮ್ಮ ಧ್ಯಾನ್‌ಚಂದ್ 1922ರಲ್ಲಿ ಸಿಪಾಯಿಯಾಗಿ ಸೇನೆ ಸೇರಿ, 1928, 1932, 1936ರ ಮೂರು ಒಲಿಂಪಿಕ್ಸ್‌ನಲ್ಲಿ ದೇಶಕ್ಕೆ ಚಿನ್ನ ತಂದುಕೊಟ್ಟು, 1956ರಲ್ಲಿ ಮೇಜರ್ ಆಗಿ ನಿವೃತ್ತರಾದರು. 1979ರಲ್ಲಿ ದೆಹಲಿಯ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಪ್ರಾಣ ಬಿಟ್ಟರು. ದೇಶದ ಅತ್ಯುನ್ನತ ಕ್ರೀಡಾ ಪ್ರಶಸ್ತಿಗೆ ಅವರ ಹೆಸರು ಬಂದದ್ದು 2021ರಲ್ಲಿ. ಹೆಸರಿಗೆ ಖರ್ಚಿಲ್ಲ ನೋಡಿ!

ಆದ್ದರಿಂದ ಹುಡುಗ ಹಣ ಕೇಳಿದ್ದು ತಪ್ಪಲ್ಲ. ಕೊಡುತ್ತೇವೆನ್ನುವವರ ಮಾತು ಎಷ್ಟು ದಿನ ನಿಲ್ಲುತ್ತದೆ ಎಂಬುದನ್ನು ನೋಡಬೇಕು.

2005ರಲ್ಲಿ ಪ್ರೀಮಿಯರ್ ಹಾಕಿ ಲೀಗ್ ಎಂದು ಶುರುವಾಯಿತು. ಬೆಂಗಳೂರಿನ ಹೆಸರಿನ ತಂಡವೂ ಇತ್ತು. 2008ಕ್ಕೆ ಮುಗಿಯಿತು. ಅದೇ ವರ್ಷ ಭಾರತದ ತಂಡ 1928ರಿಂದೀಚೆಗೆ ಮೊದಲ ಬಾರಿ ಒಲಿಂಪಿಕ್ಸ್‌ಗೆ ಅರ್ಹತೆ ಪಡೆಯದೆ ಉಳಿಯಿತು. 2012ರಲ್ಲಿ ವರ್ಲ್ಡ್ ಸೀರೀಸ್ ಹಾಕಿ ಬಂತು. ಕರ್ನಾಟಕ ಲಯನ್ಸ್ ತಂಡಕ್ಕೆ ಅರ್ಜುನ್ ಹಾಲಪ್ಪ ನಾಯಕರು. ಅಂತರರಾಷ್ಟ್ರೀಯ ಹಾಕಿ ಸಂಸ್ಥೆ ಆ ಪಂದ್ಯಗಳಿಗೆ ಮಾನ್ಯತೆ ಕೊಟ್ಟಿರಲಿಲ್ಲ. ಆಡಳಿತ ನಡೆಸುವ ಎರಡು ಬಣಗಳ ಜಗಳದಲ್ಲಿ, ದೇಶದ ಶಿಬಿರಕ್ಕೆ ಹೋಗುವುದೋ ಲೀಗಿಗೆ ಹೋಗುವುದೋ ಎಂದು ಆಟಗಾರರು ಇಕ್ಕಟ್ಟಿಗೆ ಸಿಕ್ಕಿದರು. ಒಂದೇ ವರ್ಷಕ್ಕೆ ಅದೂ ನಿಂತಿತು. ಒಪ್ಪಿದ ಹಣ ಪೂರ್ತಿ ಕೈಸೇರಲಿಲ್ಲವೆಂದು ಆಟಗಾರರು ದೂರಿದ್ದು ಪತ್ರಿಕೆಗಳಲ್ಲೇ ಬಂತು. 2013ರಲ್ಲಿ ಹಾಕಿ ಇಂಡಿಯಾ ಲೀಗ್ ಆರಂಭವಾಯಿತು. ಕೊಡಗಿನ ವಿ.ಆರ್. ರಘುನಾಥ್ ಅವರಿಗೆ 76,000 ಡಾಲರ್ ಬೆಲೆ ಬಂದಾಗ ನಾವೂ ಹೆಮ್ಮೆಪಟ್ಟೆವು. ಐದು ವರ್ಷ ನಡೆದು 2017ಕ್ಕೆ ಅದೂ ನಿಂತಿತು. ಮತ್ತೆ ಶುರುವಾದದ್ದು 2024ರ ಡಿಸೆಂಬರ್ 28ರಂದು.

ಈ ನಡುವಿನ ಏಳು ವರ್ಷದ ಲೆಕ್ಕ ಹಾಕಿ. 2017ರಲ್ಲಿ ಹತ್ತೊಂಬತ್ತು ವರ್ಷದವನಾಗಿದ್ದು, ಕಾಲೇಜು ಬಿಟ್ಟು ಲೀಗನ್ನು ನಂಬಿದವನಿಗೆ 2024ರಲ್ಲಿ ಇಪ್ಪತ್ತಾರು. ವಿಶ್ವವಿದ್ಯಾಲಯಗಳ ನಡುವಿನ ಪಂದ್ಯಗಳಲ್ಲಿ ಆಡಲು ವಯಸ್ಸಿನ ಮಿತಿ 25. ಲೀಗ್ ನಿಂತಾಗ ತಂಡದ ಮಾಲೀಕರು ತಮ್ಮ ಹಣವನ್ನು ಬೇರೆ ವ್ಯಾಪಾರಕ್ಕೆ ಹಾಕಿಕೊಂಡರು. ಹುಡುಗ ತನ್ನ ವಯಸ್ಸನ್ನು ಯಾವ ವ್ಯಾಪಾರಕ್ಕೆ ಹಾಕಬೇಕು?

ಹೊಸ ಲೀಗಿನ ಸಂಗತಿಯನ್ನೂ ನೋಡೋಣ. 2024ರ ಹರಾಜಿನಲ್ಲಿ ನಾಯಕ ಹರ್ಮನ್‌ಪ್ರೀತ್ ಸಿಂಗ್ ಅವರಿಗೆ 78 ಲಕ್ಷ ರೂಪಾಯಿ. ಪತ್ರಿಕೆಗಳಲ್ಲಿ ಇದೇ ದಪ್ಪಕ್ಷರ. ಅದೇ ಹರಾಜಿನಲ್ಲಿ ಕೆಳಗಿನ ಮೆಟ್ಟಿಲ ಮೂಲ ಬೆಲೆ 2 ಲಕ್ಷ, ಅದು ದಪ್ಪಕ್ಷರವಾಗಲಿಲ್ಲ. ಗಂಡಸರ ತಂಡಗಳು ಎಂಟು, ಹೆಂಗಸರವು ನಾಲ್ಕು. ಗಂಡಸರ ತಂಡವೊಂದಕ್ಕೆ 24 ಜನ, ಅದರಲ್ಲಿ 16 ಮಂದಿ ಭಾರತೀಯರು. ಎಂಟು ಹದಿನಾರಲೆ ನೂರ ಇಪ್ಪತ್ತೆಂಟು. ಇಡೀ ದೇಶದ ಹಾಕಿ ಹುಡುಗರಿಗೆ ಆಗ ಇದ್ದ ಜಾಗ ಇಷ್ಟೇ. ಪಂದ್ಯಗಳು ನಡೆದದ್ದು 2025ರ ಫೆಬ್ರವರಿ 1ರವರೆಗೆ, ಐದು ವಾರ. ಉಳಿದ ನಲವತ್ತೇಳು ವಾರ ಹುಡುಗ ಏನು ತಿನ್ನಬೇಕೆಂದು ಹರಾಜು ಕೂಗುವವನು ಹೇಳುವುದಿಲ್ಲ. ಇನ್ನು ಆ ಎಂಟು ತಂಡಗಳಲ್ಲಿ ಕರ್ನಾಟಕದ ಹೆಸರಿನದು ಒಂದೂ ಇರಲಿಲ್ಲ. ಕೊಡಗಿನಂಥ ಜಿಲ್ಲೆ ಇರುವ ರಾಜ್ಯಕ್ಕೆ ಒಂದು ತಂಡವಿಲ್ಲ!

ಸಿದ್ಧಗಂಗೆಯ ದನಗಳ ಜಾತ್ರೆಗೆ ಹೋದವರಿಗೆ ಗೊತ್ತು. ದಲ್ಲಾಳಿ ಟವಲಿನೊಳಗೆ ಬೆರಳು ಹಿಡಿದು ದರ ಕುದುರಿಸುತ್ತಾನೆ. ಎತ್ತಿನ ಬೆಲೆ ಹತ್ತು ಜನಕ್ಕೆ ಕೇಳಬಾರದೆಂಬ ಸಂಕೋಚ ಅಲ್ಲಾದರೂ ಇದೆ. ಇಲ್ಲಿ ಹುಡುಗರ ಬೆಲೆಯನ್ನು ಸುತ್ತಿಗೆ ಬಡಿದು ಕೂಗುತ್ತಾರೆ. ಯಾರೂ ಕೊಳ್ಳದೆ ಉಳಿದವನ ಹೆಸರನ್ನೂ ಅವನ ತಾಯಿ ನೋಡುತ್ತಿರುವಾಗಲೇ ಕೂಗುತ್ತಾರೆ.

"ನಮ್ಮ ಭಾಗದಲ್ಲಿ ಹಾಕಿ ಆಡುವವರು ಎಷ್ಟು ಜನ, ಇದೇಕೆ ಇಷ್ಟು ಉದ್ದದ ಲೇಖನ?" ಎಂದು ಕೆಲವು ಓದುಗರು ಕೇಳಬಹುದು. ನಿಜ, ನಮ್ಮ ನಾಲ್ಕು ತಾಲ್ಲೂಕುಗಳ ಮೈದಾನದಲ್ಲಿ ಕಬಡ್ಡಿ, ಖೋ ಖೋ, ವಾಲಿಬಾಲುಗಳದೇ ರಾಜ್ಯ. ಆದರೆ ಏಜೆಂಟರಿಗೆ ಆಟದ ಭೇದವಿಲ್ಲ. 2014ರಲ್ಲಿ ಪ್ರೊ ಕಬಡ್ಡಿ ಬಂದ ಮೇಲೆ ಮಣ್ಣಿನ ಅಂಕಣದಲ್ಲಿ ರೈಡ್ ಹೋಗುವ ಹುಡುಗನ ಕಣ್ಣೆಲ್ಲ ಮ್ಯಾಟಿನ ಮೇಲೆ. 2023ರ ಹರಾಜಿನಲ್ಲಿ ಪವನ್ ಸೆಹ್ರಾವತ್ ಅವರಿಗೆ 2 ಕೋಟಿ 60 ಲಕ್ಷ ದಾಟಿತು, ಕಡೆಯ ದರ್ಜೆಯ ಮೂಲ ಬೆಲೆ 9 ಲಕ್ಷ. ಹೆಣ್ಣುಮಕ್ಕಳ ಕಬಡ್ಡಿಗೆ 2016ರಲ್ಲಿ ಮೂರು ತಂಡಗಳ ಪಂದ್ಯಾವಳಿ ಒಂದನ್ನು ನಡೆಸಿ ಕೈತೊಳೆದುಕೊಂಡರು. ಖೋ ಖೋ ಕಥೆ ಇನ್ನೂ ಹಸಿಯಾಗಿದೆ. 2025ರ ಜನವರಿಯಲ್ಲಿ ದೆಹಲಿಯ ವಿಶ್ವಕಪ್ಪಿನಲ್ಲಿ ಭಾರತದ ಎರಡೂ ತಂಡಗಳು ಗೆದ್ದವು. ನಮ್ಮ ರಾಜ್ಯದ ಎಂ.ಕೆ. ಗೌತಮ್ ಮತ್ತು ಬಿ. ಚೈತ್ರಾ ಆ ತಂಡಗಳಲ್ಲಿದ್ದರು. ಕರ್ನಾಟಕ ಸರ್ಕಾರ ತಲಾ 5 ಲಕ್ಷ ಘೋಷಿಸಿತು. ಮಹಾರಾಷ್ಟ್ರ ತನ್ನ ಆಟಗಾರರಿಗೆ 2 ಕೋಟಿ 25 ಲಕ್ಷ ಮತ್ತು ಸರ್ಕಾರಿ ಉದ್ಯೋಗ ಕೊಟ್ಟಿತ್ತು. ಇಬ್ಬರೂ ಆ 5 ಲಕ್ಷ ಬೇಡವೆಂದರು. ಬಡವರ ಮನೆಯ ಮಕ್ಕಳು ಹಣ ಬೇಡವೆನ್ನಬೇಕಾದರೆ ಎಷ್ಟು ನೊಂದಿರಬೇಕು!

ಅವರಿಗೆ ಬೇಕಾದದ್ದು ಉದ್ಯೋಗದ ಭರವಸೆ. ಒಂದು ಕಾಲದಲ್ಲಿ ಬೆಂಗಳೂರಿನ ಎಚ್.ಎ.ಎಲ್., ಐ.ಟಿ.ಐ., ಕೆನರಾ ಬ್ಯಾಂಕ್, ರೈಲ್ವೆಗಳ ಹಾಕಿ ತಂಡಗಳಿದ್ದವು. ಹುಡುಗ ಆಡುತ್ತಿದ್ದ, ಸಂಬಳವೂ ಬರುತ್ತಿತ್ತು, ಮಂಡಿ ಹೋದ ಮೇಲೂ ಕುರ್ಚಿ ಇರುತ್ತಿತ್ತು. ಅಲ್ಲಿಯೂ ಶಿಫಾರಸು, ಪಕ್ಷಪಾತ ಇದ್ದೇ ಇತ್ತು. ಸ್ವರ್ಗವೆಂದು ನಾವು ಹೇಳುತ್ತಿಲ್ಲ. ಆದರೆ ಸಾರ್ವಜನಿಕ ಉದ್ದಿಮೆಗಳನ್ನು ಒಂದೊಂದಾಗಿ ಕರಗಿಸುತ್ತ ಬಂದವರು ಯಾರು? ತುಮಕೂರಿನ ಎಚ್.ಎಂ.ಟಿ. ಕೈಗಡಿಯಾರದ ಕಾರ್ಖಾನೆ ಏನಾಯಿತು? ಎಚ್.ಎಂ.ಟಿ. ವಾಚಸ್ ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಕೆಲಸವೂ ಆಟವೂ ಒಟ್ಟಿಗಿದ್ದ ಮೂರನೆಯ ದಾರಿಯನ್ನು ಕಿತ್ತುಹಾಕಿ, ಉಳಿದ ಎರಡು ದಾರಿ ತೋರಿಸಿ, "ಆರಿಸಿಕೋ ತಮ್ಮ" ಎನ್ನುವುದು ಯಾವ ನ್ಯಾಯ?

ಅಮೆರಿಕದಲ್ಲಿ ಮಂಜುಗಡ್ಡೆಯ ಮೇಲೆ ಆಡುವ ಹಾಕಿ ಇದೆ. ಬಂಡವಾಳಶಾಹಿಗಳ ತವರಾದ ಆ ದೇಶದಲ್ಲಿಯೂ ಪ್ರತಿ ವರ್ಷ ಋತು ಮುಗಿದಾಗ ಕಾಲೇಜು ಆಟಗಾರರಿಗೆ ಇದೇ ಪ್ರಶ್ನೆ: ಮರಳುವುದೋ, ವೃತ್ತಿಗೆ ಇಳಿಯುವುದೋ? ಅಲ್ಲಿ ವೃತ್ತಿ ತಂಡ ಹದಿನೆಂಟರ ಹುಡುಗನನ್ನು ಆರಿಸಿಕೊಂಡರೂ ಅವನು ಕಾಲೇಜಿನಲ್ಲೇ ಓದುತ್ತಾ ಆಡಬಹುದು. ತಂಡ ಕಾಯುತ್ತದೆ. ಸಹಿ ಹಾಕಿದರೆ ಮಾತ್ರ ಕಾಲೇಜು ತಂಡದ ಬಾಗಿಲು ಮುಚ್ಚಿತು ಎಂಬುದು ಬಹುಕಾಲದ ಕಟ್ಟಳೆ. ಕಠಿಣವೇ, ಆದರೆ ಬರೆದಿಟ್ಟ ಕಟ್ಟಳೆ. ಹುಡುಗನಿಗೆ ಮೊದಲೇ ಗೊತ್ತು. ಮುಖ್ಯವಾದದ್ದು ಬೇರೆ: ಅಲ್ಲಿನ ದೊಡ್ಡ ಲೀಗಿನ ಆಟಗಾರರು 1967ರಲ್ಲೇ ಸಂಘ ಕಟ್ಟಿಕೊಂಡರು. ಮಾಲೀಕರಿಗೂ ಸಂಘಕ್ಕೂ ಒಪ್ಪಂದವಾಗದೆ 2004-05ರ ಇಡೀ ಋತು ಒಂದೂ ಪಂದ್ಯವಿಲ್ಲದೆ ಹೋಯಿತು. ಇಂಥ ಹಗ್ಗಜಗ್ಗಾಟದಿಂದಲೇ ಅಲ್ಲಿ ಕನಿಷ್ಠ ಸಂಬಳ ಎಂಬುದೊಂದು ಇದೆ. 2024-25ರಲ್ಲಿ ಅದು 7 ಲಕ್ಷ 75 ಸಾವಿರ ಡಾಲರ್. ನಮ್ಮ ಹಾಕಿ, ಕಬಡ್ಡಿ ಹುಡುಗರ ಪರವಾಗಿ ಹರಾಜಿನ ಮೇಜಿನೆದುರು ಕುಳಿತು ಮಾತಾಡುವ ಸಂಘ ಯಾವುದು?

ನಮ್ಮಲ್ಲಿ ಬಾಗಿಲು ಮುಚ್ಚಿದೆ ಎಂದು ಯಾರೂ ಬರೆದಿಟ್ಟಿಲ್ಲ. ಅದು ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಶೇಕಡಾ 75 ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಹಾಸ್ಟೆಲಿನ ಮಂಚ ಬೇರೆಯವನ ಪಾಲಾಗುತ್ತದೆ, ವಿದ್ಯಾರ್ಥಿವೇತನ ನಿಲ್ಲುತ್ತದೆ. ಎರಡು ವರ್ಷ ಬಿಟ್ಟು ಬಂದರೆ ಪಠ್ಯಕ್ರಮವೇ ಬದಲಾಗಿರುತ್ತದೆ. ಉಳ್ಳವರ ಮಗ ಹಣ ಕಟ್ಟಿ ಎಲ್ಲಾದರೂ ಸೇರಿಯಾನು. ಶೇಂಗಾ ಬಿತ್ತಿ ಮಳೆಗೆ ಕಾಯುವವನ ಮಗ ಎಲ್ಲಿಗೆ ಹೋಗಬೇಕು?

ಪಾವಗಡದ ರೈತರನ್ನು ನೋಡಿ. ತಿರುಮಣಿ ಸುತ್ತಿನ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ ಸೌರ ವಿದ್ಯುತ್ತಿನ ಪಾರ್ಕ್ ಬಂತು. ಭೂಮಿ ಇಲ್ಲದ ಕೂಲಿಯವರಿಗೆ ಅದರಿಂದ ಆದ ಅನ್ಯಾಯ ಬೇರೆಯೇ ಲೇಖನದ ವಿಷಯ. ಆದರೆ ಭೂಮಿ ಇದ್ದವನು ಅದನ್ನು ಮಾರಲಿಲ್ಲ, ಗುತ್ತಿಗೆಗೆ ಕೊಟ್ಟ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಏರಿಕೆ, 28 ವರ್ಷದ ಗಡುವು. ಗಡುವು ಮುಗಿದರೆ ಭೂಮಿ ಅವನದೇ. ಕಲ್ಲು ನೆಲಕ್ಕೇ ಇಷ್ಟು ಕರಾರಿದೆ! ಇಪ್ಪತ್ತು ವರ್ಷದ ಹುಡುಗನ ಕಾಲಿಗೆ ಬೇಡವೆ? ಅವನ ಕಾಲಿಗೂ ಗಡುವಿದೆ, ಅದು ಹತ್ತು ವರ್ಷವೂ ಇಲ್ಲ.

ಆ ಹನ್ನೊಂದು ಪುಟವನ್ನು ಮಧುಗಿರಿಯ ವಕೀಲ ಮಿತ್ರರಲ್ಲಿಗೆ ಒಯ್ದೆವು. ಮೂರು ವರ್ಷ ಬೇರೆ ಯಾರ ಮೂಲಕವೂ ಆಡುವಂತಿಲ್ಲ. ಬಂದ ಹಣದಲ್ಲಿ ಐದನೆಯ ಒಂದು ಪಾಲು ಏಜೆಂಟಿನದು. ಗಾಯವಾದರೆ ಕರಾರು ಮುಂದುವರಿಸುವುದೂ ಬಿಡುವುದೂ ಅವನ ಇಷ್ಟ. ತಕರಾರಿದ್ದರೆ ದೆಹಲಿಯ ನ್ಯಾಯಾಲಯ. ಹುಡುಗನ ಓದಿನ ವಿಷಯ ಒಂದು ಅಕ್ಷರವಿಲ್ಲ. ವಕೀಲರು ಕನ್ನಡಕ ತೆಗೆದು, "ಇದರಲ್ಲಿ ಇವನ ಪರವಾಗಿ ಇರೋದು ಇವನ ಹೆಸರೊಂದೇ" ಎಂದರು.

ಹುಡುಗನಿಗೆ ನಾವು ಹೇಳಿದ್ದು ಇಷ್ಟು. ಈ ಕಾಗದಕ್ಕೆ ಸಹಿ ಹಾಕಬೇಡ. ಗಾಯದ ಚಿಕಿತ್ಸೆಯ ಖರ್ಚು ಅವರದೆಂದೂ, ಕರಾರು ಒಂದೇ ವರ್ಷದ್ದೆಂದೂ, ತಕರಾರು ಕರ್ನಾಟಕದಲ್ಲೇ ಇತ್ಯರ್ಥವಾಗಬೇಕೆಂದೂ ಕನ್ನಡದಲ್ಲಿ ಬರೆದು ತಂದರೆ ಹೋಗು, ಧಾರಾಳವಾಗಿ ಹೋಗಿ ಆಡು. ಹೋಗುವ ಮುನ್ನ ಕಾಲೇಜಿನಿಂದಲೂ ಒಂದು ಬರಹ ತೆಗೆದುಕೋ: ಎರಡು ವರ್ಷದೊಳಗೆ ಮರಳಿದರೆ ಮೂರನೆಯ ವರ್ಷದ ಸೀಟು ಮತ್ತು ಹಾಸ್ಟೆಲಿನ ಜಾಗ ನಿನ್ನವೇ ಎಂದು.

ಸರ್ಕಾರಕ್ಕೂ ನಮ್ಮ ಬೇಡಿಕೆ ಇದೇ. ಆಡಲು ಹೋದ ವಿದ್ಯಾರ್ಥಿಗೆ ಎರಡು ವರ್ಷದ ರಜೆ. ಮರಳಿದಾಗ ಮರುಪ್ರವೇಶದ ಶುಲ್ಕವಿಲ್ಲದೆ ಅದೇ ತರಗತಿ, ಅದೇ ವಿದ್ಯಾರ್ಥಿವೇತನ. ತುಮಕೂರು ವಿಶ್ವವಿದ್ಯಾಲಯ ತನ್ನ ಕಾಲೇಜುಗಳಿಗೆ ಇದನ್ನು ಒಂದು ನಿಯಮವಾಗಿ ಮಾಡಲು ಬೊಕ್ಕಸದಿಂದ ಎಷ್ಟು ಕೋಟಿ ಬೇಕು? ಒಂದು ಹಾಳೆ ಕಾಗದ ಬೇಕು. ಸನ್ಮಾನದ ಶಾಲಿಗಿಂತ ಅಗ್ಗ.

ಹುಡುಗ ಬೆಂಗಳೂರಿಗೆ ಹೋಗಿ ಕಾಲೇಜಿನ ಕಚೇರಿಯಲ್ಲಿ ಕೇಳಿದನಂತೆ. ಗುಮಾಸ್ತರು ಕಪಾಟು ತೆಗೆದು ನೋಡಿ, ಕಾಲೇಜು ಬಿಡುವುದಕ್ಕೆ ಫಾರಂ ಇದೆ, ಮರಳುವುದಕ್ಕೆ ಫಾರಂ ಇಲ್ಲವೆಂದರಂತೆ. ಬಿಳಿ ಹಾಳೆಯಲ್ಲಿ ಅರ್ಜಿ ಬರೆದು ಕೊಟ್ಟು, ನಕಲಿನ ಮೇಲೆ ಮೊಹರು ಹಾಕಿಸಿಕೊಂಡು ಬಾ ಎಂದು ಫೋನಿನಲ್ಲಿ ಹೇಳಿದ್ದೇವೆ. ಏಜೆಂಟ್ ಈ ತಿಂಗಳ ಇಪ್ಪತ್ತರವರೆಗೆ ವಾಯಿದೆ ಕೊಟ್ಟಿದ್ದಾನೆ.